ಅವರ ವಸಂತ, ನಮ್ಮ ಮಾಗಿ: ಪುಣೆ ಕಡೆ ದನಕ್ಕೆ ಓಟ್ಸ್ ಮೇವು ಬೆಳೆಯುವ ಬಗೆ

ಪುಣೆಯಲ್ಲಿರುವ ನಮ್ಮ ಕನ್ನಡದ ಮಂದಿಗೆ ಓಟ್ಸ್ ಅಂದರೆ ಶುಗರ್ ಇದ್ದವರ ಬೆಳಗಿನ ಗಂಜಿ. ಕ್ಯಾಂಪ್ ಕಡೆಯ ಹಳಬರಿಗೆ ಅದು ರೇಸ್ ಕುದುರೆಯ ಕಾಳು. ನಾನು ಹೇಳಲು ಹೊರಟಿರುವುದು ಮೂರನೆಯದು: ಹಸಿ ಮೇವು. ಸೊಂಟದವರೆಗೆ ಬೆಳೆದು ನಿಂತ, ಕುಡುಗೋಲು ಹಾಕಿದರೆ ಸೌತೆಕಾಯಿ ಕೊಯ್ದ ಹಾಗೆ ಸಪ್ಪಳ ಮಾಡುವ ಮೇವು. ಹಳೆಯ ಕನ್ನಡ ಪುಸ್ತಕಗಳಲ್ಲಿ ಇದಕ್ಕೆ ತೋಕೆ ಗೋಧಿ ಅನ್ನುತ್ತಾರೆ. ಹಿಂದಿಯವರು ಜಯಿ ಅನ್ನುತ್ತಾರೆ. ಬೀಜದ ಅಂಗಡಿಯಲ್ಲಿ ತೋಕೆ ಗೋಧಿ ಕೊಡಿ ಅಂದರೆ ಸುಮ್ನೆ ಮುಖ ನೋಡುತ್ತಾರೆ, ಅಲ್ಲಿ ಓಟ್ಸ್ ಅಂತಲೇ ಕೇಳಿ.

ನಮ್ಮದು ವಿಜಯಪುರ ಕಡೆ. ನೌಕರಿಗೆ ಅಂತ ಪುಣೆಗೆ ಬಂದವರು ಇಲ್ಲೇ ಉಳಿದೆವು. ಉರುಳಿ ಕಾಂಚನ್ ದಾಟಿ ಸ್ವಲ್ಪ ಮುಂದೆ ಎರಡು ಎಕರೆ ಗುತ್ತಿಗೆ ಹಿಡಿದು ಐದು ಹಸು ಕಟ್ಟಿದ್ದೇವೆ. ವಾರವೆಲ್ಲ ಭಾವ ನೋಡಿಕೊಳ್ಳುತ್ತಾನೆ, ಶನಿವಾರ ಭಾನುವಾರ ನಾನು ಹೋಗಿ ತಪ್ಪು ಮಾಡುತ್ತೇನೆ. ನಾಲ್ಕು ಹಿಂಗಾರಿಯಿಂದ ಓಟ್ಸ್ ಹಾಕುತ್ತಿದ್ದೇವೆ. ಹೇಗೆ ಮಾಡಬೇಕು ಅಂತ ಸೊಲ್ಲಾಪುರ ರೋಡಿನ ನಾಲ್ಕಾರು ಕನ್ನಡದ ಗೆಳೆಯರು ಕೇಳುತ್ತಲೇ ಇದ್ದಾರೆ, ಪ್ರತಿ ಸಲ ಫೋನಿನಲ್ಲಿ ಹೇಳುವುದಕ್ಕಿಂತ ಒಂದು ಸಲ ಬರೆದುಬಿಡೋಣ ಅಂತ ಕೂತಿದ್ದೇನೆ.

ಮೊದಲು ಹೆಸರಿನ ಗೊಂದಲ ಬಿಡಿಸಿಕೊಳ್ಳೋಣ

ಚಳಿ ದೇಶದ ಬೀಜದ ಪಟ್ಟಿ ತೆಗೆದು ನೋಡಿದರೆ 'ವಸಂತದ ಓಟ್ಸ್' ಅಂತ ಇರುತ್ತದೆ. ನಮ್ಮ ಭಾವ ಅದನ್ನು ಓದಿ ಮೊದಲ ವರ್ಷ ಯುಗಾದಿ ಹೊತ್ತಿಗೆ ಬಿತ್ತೋಣ ಅಂದ. ವಸಂತ ಅಂದರೆ ಚೈತ್ರ, ಅಲ್ವಾ? ಎರಡು ಗುಂಟೆ ಹಾಕಿಯೂ ಬಿಟ್ಟೆವು. ಹುಟ್ಟಿತು. ಮೊಣಕಾಲುದ್ದ ಬೆಳೆಯುವ ಮೊದಲೇ ತೆನೆ ತೋರಿಸಿತು, ಆಮೇಲೆ ಏಪ್ರಿಲ್ ಬಿಸಿಲಿಗೆ ಹುರಿದುಹೋಯಿತು. ಆಡು ಕೂಡ ಮೂಸಿ ಮುಂದೆ ಹೋಯಿತು.

ಆ ಹೆಸರು ಅವರ ಹವೆಗೆ ತಕ್ಕಂತೆ ಇಟ್ಟಿದ್ದು. ಕೆನಡಾದ ಸಸ್ಕ್ಯಾಚೆವಾನ್, ಫಿನ್‌ಲ್ಯಾಂಡ್, ರಷ್ಯಾ ಇಂಥ ಕಡೆ ಚಳಿಗಾಲ ಅಂದರೆ ನೆಲವೇ ಹೆಪ್ಪುಗಟ್ಟುವ ಕಾಲ. ರೈ, ಗೋಧಿಯ ಕೆಲವು ತಳಿಗಳು ಹಿಮದ ಕೆಳಗೆ ಜೀವ ಹಿಡಿದುಕೊಂಡು ಮಲಗುತ್ತವೆ, ಓಟ್ಸ್‌ಗೆ ಅಷ್ಟು ತಾಕತ್ತಿಲ್ಲ. ಹಾಗಾಗಿ ಹಿಮ ಕರಗಿದ ಮೇಲೆ, ಹೆಚ್ಚಾಗಿ ಮೇ ತಿಂಗಳಲ್ಲಿ ಬಿತ್ತಿ ಆಗಸ್ಟ್ ಸೆಪ್ಟೆಂಬರಿಗೆ ಕೊಯ್ಯುತ್ತಾರೆ. ಆಗ ಅಲ್ಲಿನ ಹವೆ ಹೇಗಿರುತ್ತದೆ ಗೊತ್ತಾ, ಹೆಚ್ಚುಕಡಿಮೆ ನಮ್ಮ ಪುಣೆಯ ಡಿಸೆಂಬರ್ ಹಾಗೆ. ರಾತ್ರಿ 10–12 ಡಿಗ್ರಿ, ಹಗಲು ಹಿತವಾದ ಬಿಸಿಲು. ಅಂದರೆ ಅವರ ವಸಂತವೇ ನಮ್ಮ ಮಾಗಿ. ಇದೊಂದು ತಲೆಯಲ್ಲಿ ಕೂತರೆ ಅರ್ಧ ಬೇಸಾಯ ಕಲಿತ ಹಾಗೆ.

ಇನ್ನೊಂದು ವಿಷಯ ಇದೆ, ಅದು ನಮಗೆ ಲಾಭದ್ದು. ಓಟ್ಸ್ ಹಗಲು ಉದ್ದವಾದಷ್ಟೂ ಬೇಗ ತೆನೆ ಹಾಕುವ ಗಿಡ. ಫಿನ್‌ಲ್ಯಾಂಡಿನ ಬೇಸಿಗೆಯಲ್ಲಿ ಹಗಲು 18–19 ತಾಸು ಇರುತ್ತದೆ, ಅಲ್ಲಿ ಅದು ಓಡೋಡಿ ತೆನೆಗೆ ಬರುತ್ತದೆ. ನಮ್ಮಲ್ಲಿ ಡಿಸೆಂಬರಿನ ಹಗಲು ಬರೀ 11 ತಾಸು. ಗಿಡಕ್ಕೆ ಅವಸರ ಇರುವುದಿಲ್ಲ. ಎಲೆ ಹಾಕುತ್ತಾ, ತೆಂಡೆ (ಬುಡದಿಂದ ಹೊಸ ಕವಲು) ಒಡೆಯುತ್ತಾ ಆರಾಮಾಗಿ ಕೂರುತ್ತದೆ. ಕಾಳು ಬೇಕಿದ್ದವನಿಗೆ ಇದು ತಡ, ಮೇವು ಬೇಕಿದ್ದವನಿಗೆ ಹಬ್ಬ.

ಕೆನಡಾದವರು ದನಕ್ಕೆಂದೇ ತಳಿ ಮಾಡಿಕೊಂಡಿದ್ದಾರೆ. ಸಿಡಿಸಿ ಬೇಲರ್, ಸಿಡಿಸಿ ಹೇಮೇಕರ್ ಅಂತ ಹೆಸರು. ಎರಡೂ ಸಸ್ಕ್ಯಾಚೆವಾನ್ ವಿಶ್ವವಿದ್ಯಾಲಯದ ತಳಿ ಕೇಂದ್ರದವು, ಅಗಲ ಎಲೆ, ಜಾಸ್ತಿ ಮೇವು. ಅಲ್ಲಿ ಇನ್ನೊಂದು ಪದ್ಧತಿ ಇದೆ, ಓದಿದಾಗ ನನಗೆ ಬಹಳ ಹಿಡಿಸಿತು. ಶರತ್ಕಾಲದಲ್ಲಿ ಓಟ್ಸ್ ಕೊಯ್ದು ಸಾಲು ಸಾಲಾಗಿ ಹೊಲದಲ್ಲೇ ಬಿಟ್ಟುಬಿಡುತ್ತಾರೆ. ಮೇಲೆ ಹಿಮ ಬೀಳುತ್ತದೆ. ಚಳಿಗಾಲದಲ್ಲಿ ದನಗಳು ಮೂತಿಯಿಂದ ಹಿಮ ಸರಿಸಿ ಆ ಸಾಲನ್ನು ತಿನ್ನುತ್ತವೆ. ಇಡೀ ಹೊಲವೇ ಫ್ರಿಜ್ಜು.

ಆ ಬೀಜ ತರಿಸೋಣವಾ ಅಂತ ಕೇಳಬೇಡಿ. ಹೊರದೇಶದ ಬಿತ್ತನೆ ಬೀಜವನ್ನು ಪರವಾನಗಿ, ರೋಗಮುಕ್ತ ಪ್ರಮಾಣಪತ್ರ ಇಲ್ಲದೆ ಬ್ಯಾಗಿನಲ್ಲಿ ಹಾಕಿಕೊಂಡು ಬರುವ ಹಾಗಿಲ್ಲ. ತಂದರೂ ಅವು ಆ ಉದ್ದ ಹಗಲಿಗೆ ಹೊಂದಿಸಿದ ತಳಿಗಳು. ನಮ್ಮಲ್ಲೇ ಒಳ್ಳೆಯವು ಇವೆ.

ನಿಮಗೆ ಇದು ಬೇಕಾ ಅಂತ ನೋಡಿಕೊಳ್ಳಿ

ಮುಂಬೈ ಮತ್ತು ಗೋವಾದವರು ಬೇಜಾರಾಗಬೇಡಿ, ಇದು ನಿಮಗಲ್ಲ. ಕಡಲ ದಂಡೆಯಲ್ಲಿ ಚಳಿಯೇ ಬೀಳುವುದಿಲ್ಲ. ಮಡಗಾಂವ್ ಹತ್ತಿರ ಇರುವ ನಮ್ಮ ಸಂಬಂಧಿಕರಿಗೆ ನಾನು ಹೇಳಿದ್ದು, ಭತ್ತ ಕೊಯ್ದ ಗದ್ದೆಯಲ್ಲಿ ಅಲಸಂದೆ ಹಾಕಿ, ನೀರಿದ್ದರೆ ಜೊತೆಗೆ ಮೆಕ್ಕೆಜೋಳ ಹಾಕಿ ಅಂತ. ಅಲಸಂದೆ ಬೆಳೆಯುವುದನ್ನು ಗೋವಾದವರಿಗೆ ಯಾರೂ ಕಲಿಸಬೇಕಿಲ್ಲ.

ಪುಣೆ, ಸಾಸವಡ, ಶಿರೂರು, ಮಂಚರ್ ಕಡೆಯವರಿಗೆ ಮಾತ್ರ ಇದು ಹೇಳಿ ಮಾಡಿಸಿದ ಬೆಳೆ. ಕಾರಣ ನೇಪಿಯರ್ ಹುಲ್ಲು. ಮಳೆಗಾಲದಲ್ಲಿ ರಾಕ್ಷಸನ ಹಾಗೆ ಬೆಳೆಯುವ ಈ ಹುಲ್ಲು ಚಳಿ ಬಿದ್ದ ಕೂಡಲೇ ಮುದುಡಿ ಕೂರುತ್ತದೆ. ಆಗ ಎಲ್ಲರೂ ಕಬ್ಬಿನ ಸೋಗೆಗೆ ಬೀಳುತ್ತಾರೆ. ಕಾರ್ಖಾನೆ ಶುರುವಾಗಿರುತ್ತದೆ, ಸೋಗೆ ಧಾರಾಳ ಸಿಗುತ್ತದೆ, ಖರೆ. ಆದರೆ ಅದರಲ್ಲಿ ಆಕ್ಸಲೇಟ್ ಜಾಸ್ತಿ, ಅದು ಹಸುವಿನ ಮೈಗೆ ಸೇರಬೇಕಾದ ಕ್ಯಾಲ್ಸಿಯಂ ಅನ್ನು ಹಿಡಿದು ಹೊರಗೆ ಹಾಕುತ್ತದೆ. ಪ್ರೋಟೀನೂ ಕಡಿಮೆ. ಓಟ್ಸ್‌ನಲ್ಲಿ ಹೂ ಬಿಡುವ ಹೊತ್ತಿಗೆ ಒಣ ತೂಕದ ಮೇಲೆ ಸುಮಾರು 10ರಿಂದ 12 ಶೇಕಡಾ ಪ್ರೋಟೀನ್ ಇರುತ್ತದೆ, ಎಳೆಯದರಲ್ಲಿ ಇನ್ನೂ ಜಾಸ್ತಿ. ಜೋಳದ ಎಳೆ ಬೆಳೆಗೆ ದನ ಬಿದ್ದು ಸತ್ತ ಕಥೆ ನಮ್ಮೂರ ಕಡೆ ಎಲ್ಲರ ಮನೆಯಲ್ಲೂ ಒಂದಿರುತ್ತದೆ, ಆ ಸಯನೈಡ್ ವಿಷ ಓಟ್ಸ್‌ನಲ್ಲಿ ಇಲ್ಲ. ಬೇರೆ ಒಂದು ವಿಷ ಇದೆ, ನೈಟ್ರೇಟ್ ಅಂತ, ಅದಕ್ಕೆ ಆಮೇಲೆ ಬರುತ್ತೇನೆ.

ನೀರು ಬೇಕು. ನಾಲ್ಕೈದು ಸಲ ಹಾಯಿಸಲು ಆಗದಿದ್ದರೆ ಇದರ ಗೋಜಿಗೆ ಹೋಗಬೇಡಿ. ಮಣ್ಣು ಮಧ್ಯಮ ಕಪ್ಪು, ನೀರು ಬಸಿಯುವಂಥದ್ದು ಇರಲಿ. ಕಾಲುವೆ ಕೆಳಗಿನ ಸವುಳು ನೆಲ ಆದರೆ ಬಾರ್ಲಿ ಮೇಲು, ಅದು ಉಪ್ಪು ಸಹಿಸುತ್ತದೆ.

ಎಷ್ಟು ಜಾಗ, ಎಷ್ಟು ಬೀಜ

ಇಲ್ಲಿ ಸ್ವಲ್ಪ ಲೆಕ್ಕ ಮಾಡಿ. ನಾನು ಮೊದಲ ವರ್ಷ ಮಾಡದೆ ಒಂದೇ ದಿನ ಪೂರ್ತಿ ಎಕರೆ ಬಿತ್ತಿ, ಒಂದೇ ಸಲ ಎಲ್ಲ ಕೊಯ್ಲಿಗೆ ಬಂದು, ಅರ್ಧ ಬೆಳೆ ಬಲಿತು ಕಟ್ಟಿಗೆ ಆಯಿತು.

ಒಂದು ಹಸುವಿಗೆ ದಿನಕ್ಕೆ 25 ಕಿಲೋ ಹಸಿ ಓಟ್ಸ್ ಅಂದುಕೊಳ್ಳಿ. ಐದು ಹಸುವಿಗೆ 125 ಕಿಲೋ. 75 ದಿನಕ್ಕೆ ಸುಮಾರು 94 ಕ್ವಿಂಟಾಲ್. ಚೆನ್ನಾಗಿ ಬೆಳೆದರೆ ಎರಡು ಕೊಯ್ಲಿನಿಂದ ಎಕರೆಗೆ 160ರಿಂದ 200 ಕ್ವಿಂಟಾಲ್ ಬರುತ್ತದೆ. ಕಡಿಮೆಯದನ್ನೇ ಹಿಡಿಯಿರಿ, ಗುಂಟೆಗೆ 4 ಕ್ವಿಂಟಾಲ್. ಅಂದರೆ ಐದು ಹಸುವಿಗೆ 24 ಗುಂಟೆ ಸಾಕು.

ಆ 24 ಗುಂಟೆಯನ್ನು ಮೂರು ತುಂಡು ಮಾಡಿ, 8 ಗುಂಟೆಗೆ ಒಂದರಂತೆ. ನಾವು ಮೊದಲನೆಯದನ್ನು ಅಕ್ಟೋಬರ್ 25ರ ಹೊತ್ತಿಗೆ, ಎರಡನೆಯದನ್ನು ನವೆಂಬರ್ 5ಕ್ಕೆ, ಮೂರನೆಯದನ್ನು ನವೆಂಬರ್ 15ಕ್ಕೆ ಬಿತ್ತುತ್ತೇವೆ. ಮೊದಲ ತುಂಡು ಎಳ್ಳಮವಾಸ್ಯೆಯ ಸುಮಾರಿಗೆ ಕೊಯ್ಲಿಗೆ ಬರುತ್ತದೆ. ದಿನಕ್ಕೆ ಮುಕ್ಕಾಲು ಗುಂಟೆಯಂತೆ ಕೊಯ್ಯುತ್ತಾ ಮೂರೂ ತುಂಡು ಮುಗಿಯುವಷ್ಟರಲ್ಲಿ ಜನವರಿ 20 ದಾಟಿರುತ್ತದೆ. ಆಮೇಲೆ ಒಂದು ಹತ್ತು ದಿನ ಖಾಲಿ ಬೀಳುತ್ತದೆ, ಎರಡನೇ ಚಿಗುರು ಇನ್ನೂ ತಯಾರಿರುವುದಿಲ್ಲ. ಆ ಹತ್ತು ದಿನಕ್ಕೆ ಕಣಿಕೆ (ಒಣ ಜೋಳದ ದಂಟು), ಸೋಗೆ ಇಟ್ಟುಕೊಳ್ಳಿ. ಫೆಬ್ರವರಿ ಮೊದಲ ವಾರದಿಂದ ಎರಡನೇ ಸುತ್ತು, ಅದು ಮಾರ್ಚ್ ನಡುವಿನವರೆಗೆ ಬರುತ್ತದೆ.

ನವೆಂಬರ್ ಕೊನೆ ದಾಟಿಸಿ ಬಿತ್ತಬೇಡಿ. ಶಿವರಾತ್ರಿಗೆ ಚಳಿ ಶಿವ ಶಿವಾ ಅಂತ ಹೊರಡುತ್ತದೆ, ಹಗಲು ಉದ್ದವಾಗುತ್ತದೆ, ಗಿಡ ಎಲೆ ಬಿಟ್ಟು ತೆನೆ ಕಡೆ ಓಡುತ್ತದೆ. ತಡವಾಗಿ ಬಿತ್ತಿದವನಿಗೆ ಒಂದೇ ಕೊಯ್ಲು.

ತಳಿ ಯಾವುದು? ಅಂಗಡಿಯಲ್ಲಿ ಸುಲಭವಾಗಿ ಸಿಗುವುದು ಕೆಂಟ್, ಬಹಳ ಹಳೆಯದು, ಎಲ್ಲ ಕಡೆ ಬರುತ್ತದೆ, ನಂಬಬಹುದು. ಝಾನ್ಸಿಯ ಹುಲ್ಲುಗಾವಲು ಮತ್ತು ಮೇವು ಸಂಶೋಧನಾ ಸಂಸ್ಥೆಯವರ ಜೆಎಚ್‌ಒ 822, ಜೆಎಚ್‌ಒ 851 ಇವೆ, ಬುಂದೇಲ್ ಜಯಿ ಅಂತಲೂ ಕರೆಯುತ್ತಾರೆ. 851 ಹಲವು ಸಲ ಕೊಯ್ಯಲು ಬರುವಂಥದ್ದು. ರಾಹುರಿ ಕೃಷಿ ವಿಶ್ವವಿದ್ಯಾಲಯದ ಫುಲೆ ಹರಿತಾ ಇಲ್ಲಿಯ ಹವೆಗೇ ಮಾಡಿದ್ದು, ಇದೂ ಒಂದಕ್ಕಿಂತ ಜಾಸ್ತಿ ಕೊಯ್ಲು ಕೊಡುತ್ತದೆ. ನಾವು ಈಗ ಅದನ್ನೇ ಹಾಕುತ್ತೇವೆ. ಊರ ಕಡೆ ಹೋಗಿ ಬರುವವರಿಗೆ ಒಂದು ಮಾತು, ಝಾನ್ಸಿ ಸಂಸ್ಥೆಯ ದಕ್ಷಿಣದ ಕೇಂದ್ರ ಧಾರವಾಡದಲ್ಲೇ ಇದೆ, ಕನ್ನಡದಲ್ಲೇ ಕೇಳಬಹುದು. ಇಲ್ಲಿ ಉರುಳಿ ಕಾಂಚನ್‌ನಲ್ಲಿ ಮಣಿಭಾಯಿ ದೇಸಾಯಿ 1967ರಲ್ಲಿ ಕಟ್ಟಿದ ಬೈಫ್ ಸಂಸ್ಥೆ ಇದೆ, ಮೇವಿನ ಬೆಳೆಗಳ ಕೆಲಸ ಅಲ್ಲೂ ನಡೆಯುತ್ತದೆ.

ಬೀಜ ಗುಂಟೆಗೆ ಒಂದು ಕಿಲೋ. ಎಕರೆಗೆ 40. ನೆನಪಿಡಲು ಇದಕ್ಕಿಂತ ಸುಲಭದ ಲೆಕ್ಕ ಬೇರೆ ಇಲ್ಲ.

ಒಬ್ಬರು ಕಿರಾಣಿ ಅಂಗಡಿಯ ಓಟ್ಸ್ ಪ್ಯಾಕೆಟ್ ಬಿತ್ತಬಹುದಾ ಅಂತ ಕೇಳಿದರು. ನಗಬೇಡಿ, ಪ್ರಾಮಾಣಿಕವಾಗಿ ಕೇಳಿದ್ದು. ಆಗುವುದಿಲ್ಲ. ಅದು ಹೊಟ್ಟು ಸುಲಿದು, ಹಬೆಯಲ್ಲಿ ಬೇಯಿಸಿ, ರೋಲರ್ ಕೆಳಗೆ ಚಪ್ಪಟೆ ಮಾಡಿದ ಅವಲಕ್ಕಿ. ಕುದುರೆಗೆ ಹಾಕುವ ಇಡೀ ಕಾಳನ್ನು ನಾನೇ ಒಂದು ಸಲ ಅಗ್ಗಕ್ಕೆ ಸಿಕ್ಕಿತು ಅಂತ ತಂದಿದ್ದೆ. ನೋಡಲು ಬೀಜದ ಹಾಗೇ ಇತ್ತು. ನೂರರಲ್ಲಿ 31 ಮೊಳೆಯಿತು.

ಅದಕ್ಕೇ ಹೇಳುವುದು, ಯಾವ ಚೀಲ ತಂದರೂ ಮೊದಲು ಮೊಳಕೆ ನೋಡಿ. 100 ಕಾಳು ಎಣಿಸಿ ಒದ್ದೆ ಗೋಣಿತಟ್ಟಿನಲ್ಲಿ ಸಾಲಾಗಿ ಇಟ್ಟು ಸುತ್ತಿ, ಅಡುಗೆಮನೆಯ ಮೂಲೆಯಲ್ಲಿ ಒಂದು ವಾರ ಇಡಿ, ಆಗಾಗ ನೀರು ಚಿಮುಕಿಸಿ. 85ಕ್ಕಿಂತ ಕಡಿಮೆ ಬಂದರೆ ವಾಪಸ್ ಕೊಡಿ. 70–75 ಬಂದು ಬೇರೆ ದಾರಿಯಿಲ್ಲದಿದ್ದರೆ ಬೀಜ ಜಾಸ್ತಿ ಹಾಕಿ. ಅದಕ್ಕೂ ಕೆಳಗಾದರೆ ಕೋಳಿಗೆ.

ಬಿತ್ತನೆ

ಸೋಯಾ ಅಥವಾ ಸಜ್ಜೆ ತೆಗೆದ ಹೊಲ ಆದರೆ ಒಂದು ನೇಗಿಲು, ಎರಡು ಕುಂಟೆ ಸಾಕು. ಎಕರೆಗೆ ನಾಲ್ಕೈದು ಟನ್ ಕೊಳೆತ ಸಗಣಿ ಗೊಬ್ಬರ ಕಲಸಿ. ಹಸು ಇರುವ ಮನೆಯಲ್ಲಿ ಇದಕ್ಕೆ ಕೊರತೆಯಿಲ್ಲ.

ಬೀಜವನ್ನು ಹಿಂದಿನ ರಾತ್ರಿ ನೆನೆಸಿ, ಬೆಳಿಗ್ಗೆ ನೆರಳಲ್ಲಿ ಹರಡಿ ಆರಿಸಿ. ಮೇಲಿನ ಹೊಟ್ಟು ದಪ್ಪ, ಒಣ ಬೀಜ ನೀರು ಕುಡಿಯಲು ಸಮಯ ತೆಗೆದುಕೊಳ್ಳುತ್ತದೆ. ನೆನೆಸಿದರೆ ಎರಡು ದಿನ ಮೊದಲೇ ಮೂಗು ಹೊರಗೆ ಹಾಕುತ್ತದೆ. ಕಾಡಿಗೆ ರೋಗದ ಭಯ ಇದ್ದರೆ, ಅಂದರೆ ಹಿಂದಿನ ವರ್ಷ ತೆನೆ ಕಪ್ಪು ಪುಡಿಯಾಗಿದ್ದರೆ, ಆರಿದ ಬೀಜಕ್ಕೆ ಥೈರಮ್‌ನಂಥ ಪುಡಿಯನ್ನು ಪ್ಯಾಕೆಟ್ ಮೇಲಿನ ಅಳತೆಯಂತೆ ಹಚ್ಚಿ. ಹಚ್ಚಿದ ಬೀಜದಲ್ಲಿ ಉಳಿದದ್ದನ್ನು ಕೋಳಿಗೆ ಹಾಕಬೇಡಿ, ಇದನ್ನು ಮೇಲಿನ ಸಾಲಿನ ಜೊತೆ ಸೇರಿಸಿ ಓದಿಕೊಳ್ಳಿ.

ಸಾಲಿನಿಂದ ಸಾಲಿಗೆ ಒಂದು ಗೇಣು, 20–25 ಸೆಂಟಿಮೀಟರ್. ಆಳ ಎರಡು ಬೆರಳು. ಎತ್ತಿನ ಕೂರಿಗೆ ಇದ್ದರೆ ಅದೃಷ್ಟ. ಗೋಧಿ ಬಿತ್ತುವ ಟ್ರ್ಯಾಕ್ಟರ್ ಕೂರಿಗೆಯೂ ನಡೆಯುತ್ತದೆ, ಆದರೆ ಓಟ್ಸ್ ಬೀಜ ಉದ್ದ ಮತ್ತು ಹಗುರ, ಬಾಲ ಇರುವ ಬೀಜ ತೂತಿನಲ್ಲಿ ಅಡ್ಡ ಬಿದ್ದು ಕೂರುತ್ತದೆ. ಹಿಂದೆ ಒಬ್ಬರು ನಡೆಯುತ್ತಾ ಪ್ರತಿ ಕೊಳವೆಯಲ್ಲಿ ಬೀಜ ಇಳಿಯುತ್ತಿದೆಯಾ ಅಂತ ನೋಡಬೇಕು. ಕೈಯಲ್ಲಿ ಎರಚಿ ಕುಂಟೆ ಎಳೆಯುವವರೂ ಇದ್ದಾರೆ, ಆಗ ಬೀಜ ಕಾಲುಪಾಲು ಜಾಸ್ತಿ ಬೇಕು, ಗುಬ್ಬಿಗಳ ಪಾಲೂ ಸೇರಿ.

ಬಿತ್ತುವಾಗ ಎಕರೆಗೆ ಒಂದು ಚೀಲ ಡಿಎಪಿ. ಅಷ್ಟೇ. ಯೂರಿಯಾ ಆಮೇಲೆ, ಎರಡು ಸಲ, ಸಲಕ್ಕೆ ಗುಂಟೆಗೆ ಒಂದು ಕಿಲೋ: ಬಿತ್ತಿದ 22–25 ದಿನಕ್ಕೆ ಒಂದು, ಮೊದಲ ಕೊಯ್ಲು ಆದ ತಕ್ಷಣ ಇನ್ನೊಂದು. ಎರಡೂ ಸಲ ಹಿಂದೆಯೇ ನೀರು. ಇದಕ್ಕಿಂತ ಜಾಸ್ತಿ ಹಾಕಿದರೆ ಬೆಳೆ ಕಡು ಹಸಿರಾಗಿ ನೋಡಲು ಚೆಂದ, ಒಂದು ಗಾಳಿ ಬೀಸಿದರೆ ಪೂರ್ತಿ ಮಲಗುತ್ತದೆ. ಮತ್ತು ಆ ನೈಟ್ರೇಟ್ ವಿಷವೂ ಏರುತ್ತದೆ.

ಮೊದಲ ನೀರು 20–25 ದಿನಕ್ಕೆ, ಬುಡದಲ್ಲಿ ತೆಂಡೆ ಒಡೆಯುವ ಹೊತ್ತಿಗೆ. ಇದನ್ನು ತಪ್ಪಿಸಬೇಡಿ, ಗಿಡಕ್ಕೆ ಎಷ್ಟು ಕೈ ಬರಬೇಕು ಅಂತ ತೀರ್ಮಾನ ಆಗುವುದೇ ಆಗ. ಮುಂದೆ 15–20 ದಿನಕ್ಕೊಮ್ಮೆ. ನಮ್ಮದು ಮುಠಾ ಕಾಲುವೆಯ ನೀರು, ಖಡಕ್‌ವಾಸ್ಲಾದಿಂದ ಬರುವುದು. ಪಾಳಿ ಯಾವಾಗ ಬಿಡುತ್ತಾರೆ ಅನ್ನುವುದರ ಮೇಲೆ ನಮ್ಮ ಪಂಚಾಂಗ ನಡೆಯುತ್ತದೆ. ಬಾವಿ ಇರುವವರು ಪುಣ್ಯವಂತರು.

ಕಳೆ ಜಾಸ್ತಿ ಬರುವುದಿಲ್ಲ, ಬೆಳೆ ಬೇಗ ನೆಲ ಮುಚ್ಚುತ್ತದೆ. ಒಂದು ಸಲ ಕಳೆ ತೆಗೆದರೆ ಸಾಕು. ಚಕ್ಕೋತ ಸೊಪ್ಪು ಮಾತ್ರ ಹುಟ್ಟುತ್ತದೆ, ಮರಾಠಿಯವರ ಚಾಕವತ. ಅದನ್ನು ಕಿತ್ತು ಮನೆಗೆ ತನ್ನಿ, ಬೇಳೆ ಹಾಕಿ ಪಲ್ಯ ಮಾಡಿ, ದನಕ್ಕೆ ಹೊರೆಗಟ್ಟಲೆ ಹಾಕಬೇಡಿ. ಅದೂ ನೈಟ್ರೇಟ್ ಹೀರಿಕೊಳ್ಳುವ ಗಿಡ.

ಕೊಯ್ಲು

50–60 ದಿನಕ್ಕೆ ಮೊದಲ ಕೊಯ್ಲು. ನೆಲಕ್ಕೆ ಹತ್ತಿ ಬೋಳಿಸಬೇಡಿ. ಅಂಗೈ ಅಗಲ ಕೂಳೆ ಬಿಡಿ, 8–10 ಸೆಂಟಿಮೀಟರ್. ಮತ್ತೆ ಚಿಗುರುವ ಕಣ್ಣು ಆ ಬುಡದಲ್ಲೇ ಇರುತ್ತದೆ. ಇಲ್ಲಿನ ಕೂಲಿಯವರಿಗೆ ಗೋಧಿ ಕೊಯ್ದು ರೂಢಿ, ಕೈ ತಾನೇ ಕೆಳಗೆ ಹೋಗುತ್ತದೆ. ಭಾವ ಒಂದು ಉಪಾಯ ಮಾಡಿದ, ಪ್ರತಿಯೊಬ್ಬರಿಗೂ ಅಂಗೈಯಷ್ಟು ಉದ್ದದ ಕಡ್ಡಿ ಮುರಿದು ಕೊಟ್ಟ, ಅಳೆದು ಕೊಯ್ಯಿರಿ ಅಂತ. ಅರ್ಧ ಗಂಟೆಯಲ್ಲಿ ಕಡ್ಡಿ ಎಲ್ಲ ಬಾಯಿಗೆ ಹೋಗಿತ್ತು, ಹಲ್ಲು ಚುಚ್ಚಲು. ಆದರೆ ಕೈ ಮಾತ್ರ ಮೇಲೇ ನಿಂತಿತು.

ಎರಡನೆಯದು ಅರ್ಧ ಗಿಡಗಳು ತೆನೆ ತೆಗೆದು ಹೂಬಿಟ್ಟಾಗ. ಆಗ ನೆಲಮಟ್ಟಕ್ಕೆ ಕೊಯ್ದರೂ ನಡೆಯುತ್ತದೆ ಅನ್ನುತ್ತಾರೆ, ನಾನು ಈಗಲೂ ಬುಡ ಬಿಡುತ್ತೇನೆ. ಯಾಕೆ ಅಂತ ಹೇಳಲು ಒಂದು ಭಾನುವಾರದ ಕಥೆ ಹೇಳಬೇಕು.

ಗೌರಿಯ ಭಾನುವಾರ

ಮೂರನೇ ವರ್ಷ. ಕಾಲುವೆ ಪಾಳಿ ತಡವಾಯಿತು, ಹಾಗಾಗಿ 25 ದಿನಕ್ಕೆ ಹಾಕಬೇಕಿದ್ದ ಯೂರಿಯಾ 45 ದಿನಕ್ಕೆ ಹಾಕಿದೆವು. ಅದಾಗಿ ವಾರಕ್ಕೆ ಮೋಡ. ನಾಲ್ಕು ದಿನ ಸೂರ್ಯನ ಮುಖ ಕಾಣಲಿಲ್ಲ. ಶನಿವಾರ ಸಂಜೆ ನಾನು ಹೋದವನು, ಬೆಳಿಗ್ಗೆ ಆರಾಮಾಗಿ ಏಳೋಣ ಅಂತ ಒಂದು ದಿನದ ಮೇವು ಆಗಲೇ ಕೊಯ್ಯಿಸಿ, ಜಿಟಿಜಿಟಿ ಹನಿ ಬರುತ್ತಿದ್ದುದರಿಂದ ಗುಡ್ಡೆ ಹಾಕಿ ತಾಡಪಾಲು ಮುಚ್ಚಿದೆ. ಕಣಿಕೆ ಮುಗಿದಿತ್ತು. ದನಗಳು ರಾತ್ರಿ ಅರೆಹೊಟ್ಟೆ.

ಬೆಳಿಗ್ಗೆ ಗುಡ್ಡೆಯೊಳಗೆ ಕೈ ಹಾಕಿದರೆ ಬೆಚ್ಚಗೆ ಇತ್ತು, ಹಬೆಯಾಡುತ್ತಿತ್ತು. ಚಳಿಯಲ್ಲಿ ಹಿತ ಅನ್ನಿಸಿತು, ನೋಡಿ ನನ್ನ ಬುದ್ಧಿ. ಎಲ್ಲರಿಗಿಂತ ಗೌರಿ ಹೊಟ್ಟೆಬಾಕಿ, ಮೊದಲು ಅವಳಿಗೇ ಹಾಕಿದೆ. ಒಂದು ತಾಸಿನೊಳಗೆ ಅವಳ ಪಕ್ಕೆ ತಿದಿಯ ಹಾಗೆ ಏಳತೊಡಗಿತು. ಕಾಲು ತಡವರಿಸಿ ಗೋಡೆಗೆ ಒರಗಿದಳು. ಬಾಯಿ ತೆರೆದು ನೋಡಿದರೆ ವಸಡು ಗುಲಾಬಿ ಇರಬೇಕಾದದ್ದು ಚಹಾ ಸೋಸಿದ ಬಟ್ಟೆಯ ಬಣ್ಣ. ಡಾಕ್ಟರ್ ಬಂದು ಸೂಜಿ ಚುಚ್ಚಿದಾಗ ಬಂದ ರಕ್ತ ಚಾಕೊಲೇಟ್ ಬಣ್ಣದ್ದು. ಅವರು ತಡಮಾಡದೆ ಮಿಥಿಲೀನ್ ಬ್ಲೂ ಅನ್ನುವ ನೀಲಿ ಔಷಧಿಯನ್ನು ನರಕ್ಕೆ ಹಾಕಿದರು. ಮಧ್ಯಾಹ್ನದೊಳಗೆ ಗೌರಿ ಎದ್ದು ನಿಂತಳು. ಸಂಜೆ ಹಸಿರು ನೀಲಿ ಮೂತ್ರ ಮಾಡಿದಳು, ನಮ್ಮ ಮಗಳಿಗೆ ಅದೇ ದೊಡ್ಡ ಸುದ್ದಿ. ಡಾಕ್ಟರ್ ಹೇಳುವವರೆಗೆ ಹಾಲು ಚೆಲ್ಲಿದೆವು.

ಆದದ್ದು ಇಷ್ಟು. ಗಿಡ ಬೇರಿನಿಂದ ನೈಟ್ರೇಟ್ ಎಳೆದುಕೊಂಡು ಬಿಸಿಲಿನ ಬಲದಿಂದ ಅದನ್ನು ಪ್ರೋಟೀನ್ ಮಾಡುತ್ತದೆ. ಬಿಸಿಲಿಲ್ಲದಿದ್ದರೆ ಎಳೆದದ್ದು ಹಾಗೇ ಕಾಂಡದಲ್ಲಿ, ಅದರಲ್ಲೂ ಬುಡದ ಭಾಗದಲ್ಲಿ, ಕೂಡಿಬೀಳುತ್ತದೆ. ಹಸುವಿನ ಹೊಟ್ಟೆಯಲ್ಲಿ ಅದು ನೈಟ್ರೈಟ್ ಆಗಿ ರಕ್ತಕ್ಕೆ ಹೋಗಿ, ರಕ್ತ ಆಮ್ಲಜನಕ ಹೊರದ ಹಾಗೆ ಮಾಡುತ್ತದೆ. ಒದ್ದೆ ಮೇವು ಗುಡ್ಡೆಯಲ್ಲಿ ಕಾವು ಹಿಡಿದರೆ ಈ ಬದಲಾವಣೆ ಹೊರಗೇ ಶುರುವಾಗುತ್ತದೆ, ಆಗ ವಿಷ ಇನ್ನೂ ಜೋರು. ಅಂದರೆ ಆ ಎರಡು ವಾರದಲ್ಲಿ ನಾನು ಮಾಡಬಾರದ್ದನ್ನೆಲ್ಲ ಮಾಡಿದ್ದೆ.

ಹಾಗಾಗಿ ಈಗ ನಮ್ಮ ಕೊಟ್ಟಿಗೆಯ ಗೋಡೆ ಮೇಲೆ ಸುಣ್ಣದಲ್ಲಿ ಬರೆದಿರುವುದು: ಯೂರಿಯಾ ಹಾಕಿ ಮೂರು ವಾರ ಕೊಯ್ಲಿಲ್ಲ. ಮೋಡ ಕವಿದರೆ ಬಿಸಿಲು ಬಂದು ಮೂರ್ನಾಲ್ಕು ದಿನ ಆಗುವವರೆಗೆ ಕೊಯ್ಲಿಲ್ಲ. ಕೊಯ್ಯುವುದು ಮಧ್ಯಾಹ್ನದ ಮೇಲೆ, ಹಾಕುವುದು ಅಂದೇ. ಉಳಿದರೆ ತೆಳ್ಳಗೆ ಹರಡು, ಗುಡ್ಡೆ ಬೇಡ. ಮೊದಲು ಒಣ ಮೇವು, ಆಮೇಲೆ ಓಟ್ಸ್. ಸಂಶಯದ ಬೆಳೆ ಆದರೆ ಬುಡ ಒಂದು ಗೇಣು ಬಿಟ್ಟು ಮೇಲಿನದು ಮಾತ್ರ ಕೊಯ್ಯಿ. ಒಣಗಿಸಿಬಿಟ್ಟರೆ ವಿಷ ಹೋಗುತ್ತದೆ ಅಂತ ಕೆಲವರು ಹೇಳುತ್ತಾರೆ, ನಂಬಬೇಡಿ. ಒಣ ಓಟ್ಸ್ ಹುಲ್ಲಿನಲ್ಲೂ ನೈಟ್ರೇಟ್ ಹಾಗೇ ಉಳಿಯುತ್ತದೆ.

ಹೆದರಿಸಲು ಬರೆದದ್ದಲ್ಲ. ಬೇರೆ ಎಲ್ಲ ದಿನಗಳಲ್ಲಿ ಇದು ದನ ಹಾತೊರೆದು ತಿನ್ನುವ ಮೇವು.

ಹಾಕುವುದು ಹೇಗೆ

ಒಮ್ಮೆಲೇ 25 ಕಿಲೋ ಹಾಕಬೇಡಿ. ಐದು ಕಿಲೋದಿಂದ ಶುರು ಮಾಡಿ ವಾರ ಹತ್ತು ದಿನದಲ್ಲಿ ಏರಿಸಿ, ಇಲ್ಲದಿದ್ದರೆ ಸಗಣಿ ನೀರಾಗುತ್ತದೆ. ಎಳೆ ಓಟ್ಸ್‌ನಲ್ಲಿ ನೀರೇ ಜಾಸ್ತಿ, ನೂರು ಕಿಲೋಗೆ 15–20 ಕಿಲೋ ಒಣ ಅಂಶ ಅಷ್ಟೇ. ಹೊಟ್ಟೆ ತುಂಬಿದ ಹಾಗೆ ಕಂಡರೂ ತುಂಬಿರುವುದಿಲ್ಲ, ಅದಕ್ಕೇ ದಿನಾ ನಾಲ್ಕೈದು ಕಿಲೋ ಕಣಿಕೆ ಜೊತೆಗಿರಲಿ. ಕುದುರೆ ಮೆಂತೆ ಬೆಳೆದವರಿದ್ದರೆ, ಇಲ್ಲಿ ಅದಕ್ಕೆ ಲಸೂಣ್ ಘಾಸ್ ಅನ್ನುತ್ತಾರೆ, ಎರಡು ಪಾಲು ಓಟ್ಸ್‌ಗೆ ಒಂದು ಪಾಲು ಅದನ್ನು ಬೆರೆಸಿ. ಆಗ ಹಿಂಡಿ ಸ್ವಲ್ಪ ಕಡಿಮೆ ಮಾಡಿದರೂ ಹಾಲು ಇಳಿಯುವುದಿಲ್ಲ, ನಮ್ಮಲ್ಲಿ ಇಳಿದಿಲ್ಲ. ಖನಿಜ ಮಿಶ್ರಣ ಮಾತ್ರ ಬಿಡಬೇಡಿ.

ಫೆಬ್ರವರಿ ಕೊನೆಗೆ ಬೆಳೆ ಕೈ ಮೀರಿ ಬಂದರೆ ರಸಮೇವು ಮಾಡಿ, ಅಂದರೆ ಗಾಳಿಯಾಡದ ಹಾಗೆ ಮುಚ್ಚಿ ಹುದುಗಿಸಿದ ಮೇವು (ಸೈಲೇಜ್). ಕಾಳು ಹಿಂಡಿದರೆ ಹಾಲು ಬಂದು, ಆ ಹಾಲು ಗಟ್ಟಿಯಾಗುತ್ತಿರುವ ಹೊತ್ತು ಸರಿ. ಕತ್ತರಿಸಿದ ಮೇವನ್ನು ಮುಷ್ಟಿಯಲ್ಲಿ ಅರ್ಧ ನಿಮಿಷ ಹಿಚುಕಿ ಕೈ ಬಿಡಿ. ರಸ ಸೋರಿದರೆ ಇನ್ನೂ ಹಸಿ, ಒಂದು ದಿನ ಬಾಡಿಸಿ. ಉಂಡೆ ತಕ್ಷಣ ಚದುರಿ ಬಿದ್ದರೆ ಒಣಗಿದೆ. ನಿಧಾನಕ್ಕೆ ಬಿಚ್ಚಿಕೊಂಡರೆ ಹದ. ಓಟ್ಸ್ ಕಾಂಡ ಕೊಳವೆಯ ಹಾಗೆ ಟೊಳ್ಳು, ಒಳಗೆ ಗಾಳಿ ತುಂಬಿರುತ್ತದೆ, ಮೆಕ್ಕೆಜೋಳಕ್ಕಿಂತ ಸಣ್ಣಗೆ ಕತ್ತರಿಸಿ ಜಾಸ್ತಿ ತುಳಿಯಬೇಕು. ನಮ್ಮದು 200 ಲೀಟರಿನ ನೀಲಿ ಡ್ರಮ್ಮು, ಒಂದರಲ್ಲಿ ನೂರು ಕಿಲೋ ಮೇಲೆ ಹಿಡಿಯುತ್ತದೆ. ಮಗಳನ್ನು ಒಳಗೆ ಇಳಿಸಿ ಕುಣಿಸುತ್ತೇವೆ. ಬಾಯಿ ಬಿಗಿದು 45 ದಿನ ಬಿಟ್ಟು ತೆಗೆದರೆ ಹುಳಿಹಣ್ಣಿನ ವಾಸನೆ ಬರಬೇಕು. ಹುದುಗುವಾಗ ನೈಟ್ರೇಟ್ ಬಹಳಷ್ಟು ಇಳಿಯುತ್ತದೆ, ಅದೊಂದು ಲಾಭ. ಆದರೆ ಮೊದಲ ದಿನಗಳಲ್ಲಿ ಡ್ರಮ್ಮಿನಿಂದ ಹಳದಿ ಕಂದು ಹೊಗೆ ಕಂಡರೆ ಮೂಗು ಹತ್ತಿರ ತರಬೇಡಿ, ಅದು ವಿಷದ ಗಾಳಿ, ಮಕ್ಕಳನ್ನೂ ದನವನ್ನೂ ದೂರ ಇಡಿ.

ಮುಂದಿನ ವರ್ಷದ ಬೀಜ

ಒಂದೂವರೆ ಗುಂಟೆ ಕೊಯ್ಯದೆ ಬಿಟ್ಟುಬಿಡಿ. ಓಟ್ಸ್ ತನ್ನ ಹೂವಿಗೆ ತಾನೇ ಪರಾಗ ಹಾಕಿಕೊಳ್ಳುವ ಗಿಡ, ತಳಿ ಕೆಡುವುದಿಲ್ಲ. ಗುಂಟೆಗೆ ಸುಮಾರು 20 ಕಿಲೋ ಕಾಳು ಬಂದರೂ ಮುಂದಿನ 24 ಗುಂಟೆಗೆ ಸಾಕಾಗುತ್ತದೆ. ಹೊಲದ ನಡುವೆ ಬಿಡಿ, ಬದುವಿನ ಪಕ್ಕ ಬೇಡ, ಬೇವಿನ ಮರದ ಗಿಳಿಗಳು ನಮಗಿಂತ ಮೊದಲು ಹದ ನೋಡುತ್ತವೆ. ತೆನೆ ಬಿಳಿಚಿಕೊಂಡು ಜೋತುಬಿದ್ದ ಮೇಲೆ, ಮಾರ್ಚ್ ಹೊತ್ತಿಗೆ, ಬೆಳಗಿನ ತಂಪಿನಲ್ಲಿ ಕೊಯ್ಯಿರಿ. ಬಿಸಿಲೇರಿದ ಮೇಲೆ ಕೈ ಹಾಕಿದರೆ ಅರ್ಧ ಕಾಳು ನೆಲಕ್ಕೆ. ಬಡಿದು, ಎರಡು ಮೂರು ಬಿಸಿಲು ಒಣಗಿಸಿ, ಕಚ್ಚಿದರೆ ಕಟಕ್ ಅನ್ನಬೇಕು. ತಗಡಿನ ಡಬ್ಬದಲ್ಲಿ ಬೇವಿನ ಸೊಪ್ಪು ಹಾಕಿ ಮುಚ್ಚಿ, ಮೇಲೆ ತಳಿಯ ಹೆಸರು ಮತ್ತು ವರ್ಷ ದಪ್ಪ ಅಕ್ಷರದಲ್ಲಿ ಬರೆಯಿರಿ. ಕಳೆದ ವರ್ಷ ಬರೆಯದೆ ಇಟ್ಟಿದ್ದೆ. ಅವ್ವ ಇದೇನೋ ಹೊಟ್ಟಿನ ಗೋಧಿ ಅಂತ ಐದು ಕಿಲೋ ಗಿರಣಿಗೆ ಕಳಿಸಿ, ಹಿಟ್ಟು ಬರೀ ತವಡು ಅಂತ ಗಿರಣಿಯವನ ಜೊತೆ ಜಗಳ ಮಾಡಿ ಬಂದಳು.